ಹೊಸ ಗರಗಸಕ್ಕೆ ಮೊಮ್ಮಗನ ಕಿವಿ

ಮಲೆನಾಡಿನಲ್ಲಿ ಬೇಸಿಗೆಯೆಂದರೆ ಮಾವು, ಹಲಸಿನ ಕಾಲ ಮಾತ್ರವಲ್ಲ, ಕಟ್ಟಿಗೆಯ ಕಾಲವೂ ಹೌದು. ಜೂನ್ ಮಳೆ ಹಿಡಿಯುವುದರೊಳಗೆ ಕಟ್ಟಿಗೆಮನೆ ತುಂಬಬೇಕು. ಇಲ್ಲದಿದ್ದರೆ ಬಚ್ಚಲ ಹಂಡೆಯ ನೀರು ಕಾಯುವುದಿಲ್ಲ. ನಮ್ಮ ಶಿರಸಿ ಕಡೆ ಅಡಿಕೆ ಬೇಯಿಸುವುದಕ್ಕೂ ಅದೇ ಕಟ್ಟಿಗೆ. ವರ್ಷಗಟ್ಟಲೆ ಕೊಡಲಿ ಹೊತ್ತು ನಮ್ಮ ಮನೆಗೆ ಬರುತ್ತಿದ್ದವರಿಗೆ ಈಗ ಮಂಡಿನೋವು. ಅವರಿಗೂ ನನ್ನಷ್ಟೇ ವಯಸ್ಸು. ಹಾಗಾಗಿ ತೋಟದಂಚಿನಲ್ಲಿ ಗಾಳಿಗೆ ಬಿದ್ದ ಮರ ತುಂಡು ಮಾಡಲು ಪೆಟ್ರೋಲಿನ ಚೈನ್ ಗರಗಸ ತಂದೆ. ‘ಎಪ್ಪತ್ನಾಲ್ಕಕ್ಕೆ ಇದೆಲ್ಲ ಬೇಕಿತ್ತಾ ನಿಮಗೆ?’ ಎಂದಳು ನಮ್ಮವಳು. ಎಂಟನೇ ತರಗತಿಯ ಮೊಮ್ಮಗ ಮಾತ್ರ ಕುಣಿದಾಡಿದ.

ಮಕ್ಕಳೇ, ಈ ಗರಗಸದ ಹಿಂದೆ ಒಂದು ಹುಳುವಿನ ಕಥೆಯಿದೆ. 1946ರಲ್ಲಿ ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವವರು ಒಂದು ಮರದ ಬೊಡ್ಡೆಯಲ್ಲಿ ಹುಳು ಕೊರೆಯುವುದನ್ನು ಕಂಡರು. ಅದು ತನ್ನ ಬಾಗಿದ ದವಡೆಗಳಿಂದ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮರ ಕಚ್ಚುತ್ತಾ ಮುಂದೆ ಹೋಗುತ್ತಿತ್ತು. ಅದನ್ನೇ ಅನುಸರಿಸಿ ಅವರು ಚೈನಿನ ಹಲ್ಲುಗಳನ್ನು ರೂಪಿಸಿದರು. ಇಂದಿನ ಚೈನುಗಳಲ್ಲೂ ಹಲ್ಲುಗಳು ಹಾಗೆಯೇ ಒಂದು ಎಡಕ್ಕೆ, ಒಂದು ಬಲಕ್ಕೆ ಇರುತ್ತವೆ.

ಹೊಸ ಯಂತ್ರವನ್ನು ಮೊದಲ ದಿನವೇ ದುಡಿಸಬಾರದು. ಬ್ಯಾಂಕಿಗೆ ಹೊಸದಾಗಿ ಬಂದ ಹುಡುಗನನ್ನು ನಾವು ಸಂತೆಯ ದಿನ ಕ್ಯಾಶ್ ಕೌಂಟರಿನಲ್ಲಿ ಕೂರಿಸುತ್ತಿರಲಿಲ್ಲ. ಇದೂ ಹಾಗೆಯೇ. ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಣ್ಣೆಯ ಕುಳಿ ಇಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೆ ಜೀವ. ನಮ್ಮ ಯಂತ್ರದ ಪುಸ್ತಕ ಹೇಳಿದ್ದು ಒಂದು ಲೀಟರಿಗೆ 20 ಮಿಲಿ ಲೀಟರ್. ಔಷಧಿ ಅಂಗಡಿಯಿಂದ ತಂದ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯುವುದು ಮೊಮ್ಮಗನ ಕೆಲಸ. ಲೆಕ್ಕ ತಾಳೆ ನೋಡುವುದು ನನ್ನದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದು ತೇವ ಹೀರುತ್ತದೆ. ಆದ್ದರಿಂದ ಬೇಕಾದಷ್ಟೇ ಬೆರೆಸುತ್ತೇವೆ.

ಚೈನಿನ ಎಣ್ಣೆಗೆ ಬೇರೆ ಟ್ಯಾಂಕು. ಓಡುವ ಗರಗಸದ ತುದಿಯನ್ನು ಬಿಳಿಚು ಬೊಡ್ಡೆಯೊಂದಕ್ಕೆ ತಾಗಿಸದೆ ಹತ್ತಿರ ಹಿಡಿದರೆ ಎಣ್ಣೆಯ ತೆಳು ಗೆರೆ ಬೀಳಬೇಕು. ಬಿದ್ದರೆ ಚೈನಿಗೆ ಎಣ್ಣೆ ಸಿಗುತ್ತಿದೆ ಎಂದರ್ಥ. ಹೊಸ ಚೈನು ಬಿಸಿಯಾದಾಗ ಸಡಿಲವಾಗಿ ಜೋಲುತ್ತದೆ. ನಾಲ್ಕು ತುಂಡು ಕೊಯ್ದು, ಎಂಜಿನ್ ನಿಲ್ಲಿಸಿ, ಆರಿದ ಮೇಲೆ ಬಿಗಿ ಮಾಡಬೇಕು. ಪಟ್ಟಿಗೆ ಅಂಟಿಕೊಂಡಿರಬೇಕು, ಆದರೆ ಗ್ಲೌಸು ಹಾಕಿದ ಕೈಯಿಂದ ಎಳೆದರೆ ಸರಾಗವಾಗಿ ಜಾರಬೇಕು. ಮೊದಲ ಕೆಲವು ಟ್ಯಾಂಕು ಮುಗಿಯುವ ತನಕ ಸಣ್ಣ ಕೊಂಬೆಗಳನ್ನೇ ಕೊಯ್ದೆ. ಮರ ಕೊಯ್ಯದೆ ಬರಿದೇ ಪೂರ್ತಿ ವೇಗ ಕೊಡಲಿಲ್ಲ. ಪ್ರತಿ ಟ್ಯಾಂಕನ್ನೂ ಹಳೆಯ ಡೈರಿಯಲ್ಲಿ ಜಮಾ ಮಾಡಿದೆ.

ಕಾರ್ಬುರೇಟರಿನಲ್ಲಿ ಮೂರು ಸ್ಕ್ರೂಗಳಿವೆ. ಒಂದು ಎಂಜಿನ್ ಸುಮ್ಮನೆ ನಿಂತಾಗಿನ ವೇಗಕ್ಕೆ. ಕೈ ಬಿಟ್ಟಾಗಲೂ ಚೈನು ತಿರುಗುತ್ತಿದ್ದರೆ ಅದು ಅಪಾಯ. ಆ ಸ್ಕ್ರೂವನ್ನು ಚೈನು ನಿಲ್ಲುವ ತನಕ ಸಡಿಲಿಸಬೇಕು. ‘ಎಲ್’ ಎಂಬುದು ನಿಧಾನ ವೇಗದ ಪೆಟ್ರೋಲಿಗೆ, ‘ಎಚ್’ ಎಂಬುದು ಹೆಚ್ಚು ವೇಗದ್ದಕ್ಕೆ. ‘ಎಚ್’ ಬಿಗಿಯಾದರೆ ಪೆಟ್ರೋಲು ಕಡಿಮೆಯಾಗಿ ಎಂಜಿನ್ ಕಿರುಚುತ್ತದೆ. ಕೇಳಲು ಶಕ್ತಿ ಹೆಚ್ಚಿದಂತೆ ಇರುತ್ತದೆ. ಆದರೆ ಪೆಟ್ರೋಲಿನ ಜೊತೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಸುಟ್ಟುಹೋಗಬಹುದು.

ಈ ಕಿರುಚು ದನಿ ನನ್ನಂಥ ಮುದುಕರಿಗೆ ಸರಿಯಾಗಿ ಕೇಳುವುದಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಇಂಥ ಕೀಚಲು ಸದ್ದುಗಳನ್ನೇ. ಮೇಲಿಂದ ಕಿವಿಗೆ ಮುಚ್ಚಳ ಬೇರೆ. ಆರನೇ ಟ್ಯಾಂಕಿನ ದಿನ, ದೂರದ ಜಗುಲಿಯಲ್ಲಿ ನಿಂತಿದ್ದ ಮೊಮ್ಮಗ ಎರಡೂ ಕೈ ಬೀಸಿದ. ನಿಲ್ಲಿಸಿದೆ. ‘ಅಜ್ಜ, ಮೊದಲು ಗುರುಗುರು ಅಂತಿತ್ತು, ಈಗ ಸೊಳ್ಳೆಯ ಹಾಗೆ ಅಂತಿದೆ’ ಎಂದ. ನನಗೆ ವ್ಯತ್ಯಾಸವೇ ತಿಳಿದಿರಲಿಲ್ಲ. ಪೇಟೆಯ ಮೆಕ್ಯಾನಿಕ್ ವೇಗದ ಮೀಟರ್ ಹಿಡಿದು ನೋಡಿದ. ‘ಹುಡುಗ ಹೇಳಿದ್ದು ಸರಿ. ಎಂಜಿನ್ ಹದವಾದ ಮೇಲೆ ಓಟ ಹೆಚ್ಚುತ್ತದೆ’ ಎಂದು ‘ಎಚ್’ ಸ್ಕ್ರೂವನ್ನು ಕೂದಲೆಳೆಯಷ್ಟು ತೆರೆದ. ಅಂದಿನಿಂದ ಮನೆಯಲ್ಲಿ ಗರಗಸದ ಕಿವಿ ಅವನೇ.

ಆದರೆ ಕೈ ಅವನದಲ್ಲ. ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಕಣ್ಣು ಮಿಟುಕಿಸುವುದರೊಳಗೆ ಮುಖಕ್ಕೆ ಹಾರುತ್ತದೆ. ಅದನ್ನು ತಡೆಯಲು ಚೈನ್ ಬ್ರೇಕ್ ಇದ್ದರೂ ಅದನ್ನೇ ನಂಬಿ ಮೈಮರೆಯಬಾರದು. ಹೆಲ್ಮೆಟ್ಟು, ಮುಖಕ್ಕೆ ಜಾಲರಿ, ದಪ್ಪ ಪ್ಯಾಂಟು, ಬೂಟು ಬೇಕೇ ಬೇಕು. ಪಂಚೆ ಉಟ್ಟು ಮುಟ್ಟುವ ಮಾತೇ ಇಲ್ಲ. ಒಬ್ಬನೇ ಇರುವಾಗ ನಾನು ಹಗ್ಗ ಎಳೆಯುವುದೂ ಇಲ್ಲ.

‘ನಾನು ಯಾವಾಗ ಹಿಡಿಯೋದು?’ ಎಂದು ಅವನು ಕೇಳಿದಾಗ, ‘ಹದಿನೆಂಟು ತುಂಬಿದ ಮೇಲೆ’ ಎಂದು ಡೈರಿಯಲ್ಲಿ ಬರೆದು ಸಹಿ ಹಾಕಿದೆ. ಅವನ ಅಜ್ಜಿ ಅದರ ಕೆಳಗೆ ನನಗೂ ಒಂದು ಕರಾರು ಬರೆಸಿದಳು: ಹಗ್ಗ ಎಳೆಯುವಾಗ ಕೈ ನಡುಗಿದ ದಿನವೇ ಯಂತ್ರ ಬೇರೆಯವರಿಗೆ. ಅದಕ್ಕೂ ಸಹಿ ಹಾಕಿದ್ದೇನೆ. ಸದ್ಯಕ್ಕೆ ಡೈರಿಯಲ್ಲಿ ಹನ್ನೊಂದು ಟ್ಯಾಂಕು, ಕಟ್ಟಿಗೆಮನೆ ಮುಕ್ಕಾಲು ತುಂಬಿದೆ.