ಗೇರು ಹಾಕುವ ಕೈ

ನಾಲ್ಕು ಚಕ್ರ ಹೊರಗೆ, ಒಬ್ಬ ಮನುಷ್ಯ ಒಳಗೆ, ಅವನ ಬೆನ್ನಿಗೆ ಎಂಜಿನ್ನು. ಇಷ್ಟೇ ಇರುವ ಹಳೆಯ ರೇಸ್ ಕಾರುಗಳ ಹುಚ್ಚು ನನಗೆ ಹಿಡಿದು ಬಹಳ ಕಾಲವಾಯಿತು. ಮಡ್‌ಗಾರ್ಡ್ ಇಲ್ಲ, ಬಾಗಿಲಿಲ್ಲ, ಡಿಕ್ಕಿ ಇಲ್ಲ. ಒಂದು ಚೀಲ ಅಡಿಕೆ ಹೇರುವ ಹಾಗಿಲ್ಲ. ಸಾಗರದಲ್ಲಿ ಇಂಥ ವಾಹನದ ಮಾತೆತ್ತಿದರೆ ಜನ ಮೊದಲು ಕೇಳುವುದು ಮೈಲೇಜು ಎಷ್ಟು ಎಂದು. ಮನೆಯಲ್ಲಂತೂ ಇದೊಂದು ಕಾಯಿಲೆ ಎಂದೇ ತೀರ್ಮಾನವಾಗಿದೆ. ಆ ಕಾರುಗಳ ವಿಡಿಯೋ ಹಾಕಿದೆನೆಂದರೆ, “ಸದ್ದು ಸ್ವಲ್ಪ ಸಣ್ಣ ಮಾಡಿ ಮಾರಾಯ್ರೆ, ಹೊರಗೆ ಮಳೆಯ ಗಲಾಟೆಯೇ ಸಾಕಾಗಿದೆ” ಎನ್ನುತ್ತಾಳೆ ಹೆಂಡತಿ.

ಕಾರಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಕಾರಿನೊಳಗಿನ ನೋಟ. 1990ರಲ್ಲಿ ಮೊನಾಕೋದ ಬೀದಿಗಳಲ್ಲಿ ಫಾರ್ಮುಲಾ ಒನ್ ಚಾಲಕ ಆಯರ್ಟನ್ ಸೆನ್ನಾ ಮೆಕ್ಲಾರೆನ್ ಕಾರು ಓಡಿಸಿದ ಒಂದು ಸುತ್ತಿನ ಚಿತ್ರವಿದೆ. ಸುತ್ತು ಎಂದರೆ ಮೂರೂಕಾಲು ಕಿಲೋಮೀಟರಿಗೆ ತುಸು ಹೆಚ್ಚು. ಇಕ್ಕೆಲದಲ್ಲೂ ಕಬ್ಬಿಣದ ತಡೆಗೋಡೆ. ಹತ್ತು ಸಿಲಿಂಡರಿನ ಹೋಂಡಾ ಎಂಜಿನ್ನು ಬೆನ್ನ ಹಿಂದೆ ಕಿರುಚುತ್ತಿರುವಾಗ ಆ ಮನುಷ್ಯ ಬಲಗೈಯನ್ನು ಸ್ಟೇರಿಂಗಿನಿಂದ ತೆಗೆದು ಗೇರಿಗೆ ಹಾಕುತ್ತಾನೆ, ಮತ್ತೆ ತರುತ್ತಾನೆ, ಮತ್ತೆ ತೆಗೆಯುತ್ತಾನೆ. ಅರ್ಧ ಊರನ್ನು ಒಂಟಿಗೈಯಲ್ಲೇ ಸುತ್ತಿಬಿಟ್ಟನೇನೋ ಅನ್ನಿಸುತ್ತದೆ. ಆ ಕಾಲದಲ್ಲಿ ಮೊನಾಕೋ ರೇಸು ಮುಗಿಸಿದವರ ಅಂಗೈಯಲ್ಲಿ ಬೊಕ್ಕೆ ಏಳುತ್ತಿತ್ತು.

ಸೆನ್ನಾನ ಅತಿ ಶ್ರೇಷ್ಠ ಸುತ್ತು ಇದಲ್ಲ. 1988ರಲ್ಲಿ ಅದೇ ಊರಿನ ಅರ್ಹತಾ ಸುತ್ತಿನಲ್ಲಿ, ಅಂಥದೇ ಕಾರಿನಲ್ಲಿದ್ದ ಜೊತೆಗಾರ ಅಲೆನ್ ಪ್ರಾಸ್ಟ್‌ಗಿಂತ ಅವನು ಸುಮಾರು 1.4 ಸೆಕೆಂಡು ಮುಂದಿದ್ದ. ಸೆಕೆಂಡಿನ ಹತ್ತನೆಯ ಒಂದು ಪಾಲಿಗೆ ಬಡಿದಾಡುವ ಲೋಕದಲ್ಲಿ ಇದು ಹಗಲುದರೋಡೆ. ಸುರಂಗದೊಳಗೆ ಹೋಗುತ್ತಿರುವಂತೆ, ಓಡಿಸುತ್ತಿರುವುದು ತಾನಲ್ಲವೇನೋ ಎಂಬಂತೆ ಆಗಿತ್ತೆಂದು ಆಮೇಲೆ ಅವನೇ ಹೇಳಿಕೊಂಡ. ಆ ಸುತ್ತಿನ ಒಳಚಿತ್ರ ಇಲ್ಲ. 1990ರದನ್ನೇ 1988ರದು ಎಂದು ನಂಬಿ ಎಷ್ಟೋ ಮಂದಿ ಕಣ್ಣೊರೆಸಿಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಭಕ್ತರ ಜೊತೆ ವಾದ ಯಾಕೆ?

ನನ್ನ ಹುಚ್ಚಿನ ಬೇರು ಇರುವುದು ಮಾತ್ರ ಹೊಸನಗರದ ಬಸ್ಸಿನಲ್ಲಿ. ನಾನು ಹುಡುಗನಾಗಿದ್ದಾಗ ಮಲೆನಾಡಿನ ಬಸ್ಸುಗಳಲ್ಲಿ ಎಂಜಿನ್ನು ಡ್ರೈವರನ ಪಕ್ಕದಲ್ಲೇ, ಬಾನೆಟ್ಟಿನಡಿ ಗುಡುಗುತ್ತಿತ್ತು. ಅದರ ಮೇಲೆ ಪೇಪರಿನ ಕಟ್ಟು, ಯಾರದೋ ಟಿಫಿನ್ ಕ್ಯಾರಿಯರು, ಒತ್ತಿಕೊಂಡು ಕೂತ ನಮ್ಮಂಥ ಹುಡುಗರು. ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿಯುವಾಗ ನಾವು ಕಾಡು ನೋಡುತ್ತಿರಲಿಲ್ಲ. ಕ್ಲಚ್ ಒತ್ತಿ ಗೇರು ಬಿಡಿಸಿ, ಕ್ಲಚ್ ಬಿಟ್ಟು ಆಕ್ಸಿಲರೇಟರಿಗೆ ಒಂದು ಕುಟ್ಟು ಕೊಟ್ಟು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಇಳಿಸುವ ಆ ಡಬಲ್ ಕ್ಲಚ್ಚಿನ ಲಯವನ್ನು ನೋಡುತ್ತಿದ್ದೆವು. ಕುಟ್ಟು ಕೊಂಚ ತಪ್ಪಿದರೆ ಗೇರ್‌ಬಾಕ್ಸು ಕಟಕಟ ಹಲ್ಲು ಕಡಿಯುತ್ತಿತ್ತು. ಇಡೀ ಬಸ್ಸು ಡ್ರೈವರನ ಕಡೆ ತಿರುಗುತ್ತಿತ್ತು. ರೇಸಿನವರು ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದನ್ನೇ: ಬ್ರೇಕಿನ ಮೇಲಿಟ್ಟ ಪಾದದ ಅಂಚಿನಿಂದಲೇ ಆಕ್ಸಿಲರೇಟರನ್ನು ತಟ್ಟಿ, ಎಂಜಿನ್ನಿನ ವೇಗವನ್ನು ಗೇರಿಗೆ ಹೊಂದಿಸುವುದು. ಅವರಿಗೆ ಅದಕ್ಕೆ ರೆಪ್ಪೆ ಬಡಿಯುವಷ್ಟು ಹೊತ್ತು, ನಮ್ಮ ಡ್ರೈವರನಿಗೆ ಎಲೆಯಡಿಕೆ ಉಗುಳುವಷ್ಟು.

ರೇಸ್ ಕಾರಿಗೆ ಕ್ಯಾಮೆರಾ ಕೂರಿಸುವುದೇ ಹಿಂದೆ ಒಂದು ಸಾಹಸವಾಗಿತ್ತು. 1966ರ ‘ಗ್ರ್ಯಾಂಡ್ ಪ್ರೀ’ ಸಿನಿಮಾಕ್ಕಾಗಿ ನಿರ್ದೇಶಕ ಜಾನ್ ಫ್ರಾಂಕನ್‌ಹೈಮರ್ ಭಾರಿ ಕ್ಯಾಮೆರಾಗಳನ್ನು ಕಾರುಗಳಿಗೆ ಬಿಗಿಸಿದ. ಕ್ಯಾಮೆರಾ ಕಾರು ಓಡಿಸಲು ಸಿಕ್ಕಿದವನು 1961ರ ವಿಶ್ವ ಚಾಂಪಿಯನ್ ಫಿಲ್ ಹಿಲ್. 1985ರ ಜರ್ಮನ್ ಗ್ರ್ಯಾಂಡ್ ಪ್ರೀಯಲ್ಲಿ ರೆನೋ ತಂಡ ಕ್ಯಾಮೆರಾ ಹೊತ್ತ ಮೂರನೆಯ ಕಾರೊಂದನ್ನು ಫ್ರಾನ್ಸ್ವಾ ಎನೋ ಕೈಗೆ ಕೊಟ್ಟು ಕಳಿಸಿತು. ಎಂಟು ಸುತ್ತಿಗೆ ಕಾರು ನಿಂತಿತು. ಕಾರಣ, ಕ್ಲಚ್ಚು! 1989ರಲ್ಲಿ ಫೆರಾರಿಯವರು ಸ್ಟೇರಿಂಗಿನ ಹಿಂದೆ ಎರಡು ಪಟ್ಟಿ ಇಟ್ಟು, ಬೆರಳಲ್ಲಿ ಎಳೆದರೆ ಗೇರು ಬದಲಾಗುವ ಹಾಗೆ ಮಾಡಿದರು. ಮೊದಲ ರೇಸಿನಲ್ಲೇ, ಬ್ರೆಜಿಲಿನಲ್ಲಿ, ನೈಜೆಲ್ ಮ್ಯಾನ್ಸೆಲ್ ಆ ಕಾರನ್ನು ಗೆಲ್ಲಿಸಿದ. ಕ್ಯಾಮೆರಾ ಪಳಗುವ ಹೊತ್ತಿಗೆ, ಅದು ತೋರಿಸಬೇಕಾದ ಕೈಕೆಲಸವೇ ಮುಗಿಯುತ್ತ ಬಂದಿತ್ತು.

ನಮ್ಮಲ್ಲಿ ಇಂಥ ಕಾರುಗಳು ಓಡಿದ್ದು ಮದ್ರಾಸಿನ ಹತ್ತಿರದ ಶೋಲವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ. ಎಂಬತ್ತರ ದಶಕದಲ್ಲಿ ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನೇ ತರಿಸಿ ಅಲ್ಲಿ ಓಡಿಸಿದ್ದರು. (ಆಮೇಲಿನ ಓಟದ ಕಥೆ ಬೇರೆ.) ನನಗೆ ಹೆಚ್ಚು ಪ್ರೀತಿ ಕೊಯಮತ್ತೂರಿನ ಕರಿವರ್ಧನ್ ಮೇಲೆ. ಮಾರುತಿ ಎಂಜಿನ್ ಹಾಕಿ, ಚಕ್ರ ಹೊರಗಿಟ್ಟು, ನಮ್ಮ ಹುಡುಗರ ಕೈಗೆಟುಕುವ ‘ಫಾರ್ಮುಲಾ ಮಾರುತಿ’ ರೇಸ್ ಕಾರು ಕಟ್ಟಿಬಿಟ್ಟರು. ನಮ್ಮೂರಲ್ಲಿ ಡಾಕ್ಟರು, ಅಡಿಕೆ ಮಂಡಿ ಸಾಹುಕಾರರು ಮರ್ಯಾದೆಯಿಂದ ಓಡಿಸುತ್ತಿದ್ದ ಮಾರುತಿ! 2005ರಲ್ಲಿ ಫಾರ್ಮುಲಾ ಒನ್ ಸೇರಿದ ಮೊದಲ ಭಾರತೀಯ ನರೈನ್ ಕಾರ್ತಿಕೇಯನ್ ಕೂಡ ಶುರುವಿಗೆ ಫಾರ್ಮುಲಾ ಮಾರುತಿ ಓಡಿಸಿದವರೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಈಗ ಅವರ ಹೆಸರಿದೆ.

ಹಳೆಯದೆಲ್ಲ ಚೆಂದ ಎನ್ನುವಷ್ಟು ಮರುಳು ನನಗಿಲ್ಲ. ಅರವತ್ತರ ದಶಕದ ಆ ಸುಂದರ ಕಾರುಗಳಲ್ಲಿ ಚಾಲಕನ ಅಕ್ಕಪಕ್ಕವೇ ಪೆಟ್ರೋಲ್ ತುಂಬಿರುತ್ತಿತ್ತು. ಜಿಮ್ ಕ್ಲಾರ್ಕ್‌ನಂಥ ನಯಗಾರನೂ 1968ರಲ್ಲಿ ಹಾಕನ್‌ಹೈಮಿನ ಮರಗಳಿಗೆ ಬಡಿದು ಸತ್ತ. 2018ರಿಂದ ಚಾಲಕನ ತಲೆಯ ಸುತ್ತ ಬಂದ ಲೋಹದ ಬಳೆ ನೋಟಕ್ಕೆ ಅಡ್ಡವೆಂದು ಗೊಣಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

2025ರ ಮೇ ತಿಂಗಳಲ್ಲಿ ಬೆಂಗಳೂರಿನ ಕುಶ್ ಮೈನಿ ಅದೇ ಮೊನಾಕೋದಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ರೇಸು ಗೆದ್ದಾಗ ಹಿಗ್ಗಿದೆ. ಆದರೆ ಈಗಿನ ಒಳಚಿತ್ರಗಳಲ್ಲಿ ಎಲ್ಲವೂ ನಿಚ್ಚಳ, ಕೈಗಳು ಮಾತ್ರ ಸ್ಟೇರಿಂಗ್ ಬಿಡುವುದೇ ಇಲ್ಲ. ಬೆರಳ ತುದಿಯಲ್ಲಿ ನಡೆಯುವ ಜಾಣತನ ನನ್ನ ಕಣ್ಣಿಗೆ ಸಿಗುವುದಿಲ್ಲ.

ಜೋಗಕ್ಕೆ ಬರುವ ಬೈಕು, ಕಾರುಗಳ ಮೇಲೆಲ್ಲ ಈಗ ಕ್ಯಾಮೆರಾ. ಎಲ್ಲವೂ ರಸ್ತೆಯ ಕಡೆ, ಮಂಜಿನ ಕಡೆ. ಮೇಲೊಂದು ಸಿನಿಮಾ ಹಾಡು. ಅತ್ತ ಆಗುಂಬೆ ಘಾಟಿಯ 14 ತಿರುವುಗಳು ಎಷ್ಟು ಬಿಗಿಯೆಂದರೆ, ತೀರ್ಥಹಳ್ಳಿ ಕಡೆಯಿಂದ ಉಡುಪಿಗೆ ಇಳಿಯಲು ಮಿನಿ ಬಸ್ಸುಗಳೇ ಆಗಬೇಕು. ಆ ಡ್ರೈವರುಗಳ ಕೈಕಾಲು ಮಾಡುವ ಕೆಲಸವನ್ನು ಯಾರೂ ಚಿತ್ರ ತೆಗೆದದ್ದು ನಾನು ಕಂಡಿಲ್ಲ. ಕ್ಯಾಮೆರಾ ಇರುವ ಪುಣ್ಯಾತ್ಮರು ಯಾರಾದರೂ, ಡ್ರೈವರಣ್ಣನ ಒಪ್ಪಿಗೆ ಕೇಳಿ, ಅದನ್ನು ಒಮ್ಮೆ ಒಳಗೆ ತಿರುಗಿಸಿ. ಹಾಡು ಹಾಕಬೇಡಿ; ಎಂಜಿನ್ನಿನ ಸದ್ದೇ ಇರಲಿ.