ಇವನೇ ತಾನೆ?

ಏಳನೆಯ ತರಗತಿಯ ಪ್ರವಾಸದ ಹಣ ಕಾಣೆಯಾದ ದಿನ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅಂದು ನಾನು ಕೊನೆಯ ಬೆಂಚಿನ ಹುಡುಗನೊಬ್ಬನನ್ನು ಎದ್ದು ನಿಲ್ಲಿಸಿ, ಮುಂದಿನ ಸಾಲಿನವನೊಬ್ಬನನ್ನು "ಮೇಜಿನ ಬಳಿ ನೀನು ಕಂಡದ್ದು ಇವನನ್ನೇ ತಾನೆ?" ಎಂದು ಕೇಳಿದೆ. ಅವನು ತಡವರಿಸಿದ, ನನ್ನ ಮುಖ ನೋಡಿದ, ಬಳಿಕ "ಹೌದು ಸಾರ್" ಎಂದ. ಬೆತ್ತಕ್ಕೆ ಅಷ್ಟೇ ಸಾಕಾಯಿತು. ನಾಲ್ಕು ದಿನಗಳ ತರುವಾಯ ಹಣದ ಲಕೋಟೆ ನನ್ನದೇ ಹಾಜರಿ ಪುಸ್ತಕದ ಹೊದಿಕೆಯೊಳಗೆ ದೊರೆಯಿತು.

ಅಮೆರಿಕದ ರೊನಾಲ್ಡ್ ಕಾಟನ್ ಎಂಬಾತನ ವೃತ್ತಾಂತವನ್ನು ಓದುತ್ತಿದ್ದಾಗ ಇದೆಲ್ಲ ಮರುಕಳಿಸಿತು. 1984ರಲ್ಲಿ ನಾರ್ತ್ ಕ್ಯಾರೊಲಿನಾದ ಬರ್ಲಿಂಗ್ಟನ್ ಊರಿನಲ್ಲಿ ಜೆನಿಫರ್ ಥಾಂಪ್ಸನ್ ಎಂಬ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರವಾಯಿತು. ಬದುಕುಳಿದರೆ ಗುರುತಿಸಲೇಬೇಕೆಂದು ಆಕೆ ಆ ಭೀತಿಯಲ್ಲಿಯೂ ದುಷ್ಟನ ಮುಖವನ್ನು ಮನದಟ್ಟು ಮಾಡಿಕೊಂಡಳು. ಪೊಲೀಸರು ತೋರಿಸಿದ ಭಾವಚಿತ್ರಗಳಲ್ಲಿ ಕಾಟನ್‌ನದನ್ನು ಆರಿಸಿದಳು. ಮುಂದೆ ಸಾಲಾಗಿ ನಿಲ್ಲಿಸಿದ ಗಂಡಸರಲ್ಲಿ ಇಬ್ಬರ ನಡುವೆ ಹೊಯ್ದಾಡಿ ಅವನನ್ನೇ ತೋರಿಸಿದಳು. ಚಿತ್ರಗಳಲ್ಲಿಯೂ ಸಾಲಿನಲ್ಲಿಯೂ ಇದ್ದವನು ಅವನೊಬ್ಬನೇ! ಚಿತ್ರದಲ್ಲಿ ಆರಿಸಿದವನೂ ಇವನೇ ಎಂದು ಪೊಲೀಸರು ತಿಳಿಸಿದ ಮೇಲೆ ಆಕೆಯ ಸಂಶಯ ಅಳಿಯಿತು. ಸುಳ್ಳು ಹೇಳುವ ಉದ್ದೇಶ ಆಕೆಗೆ ಎಳ್ಳಷ್ಟೂ ಇರಲಿಲ್ಲ. ನನ್ನ ಮುಂದಿನ ಸಾಲಿನ ಹುಡುಗನಿಗೂ ಇರಲಿಲ್ಲವೆಂದೇ ಈಗ ತೋರುತ್ತದೆ.

1985ರಲ್ಲಿ ಕಾಟನ್‌ಗೆ ಶಿಕ್ಷೆಯಾಯಿತು. 1987ರ ಮರುವಿಚಾರಣೆಯ ವೇಳೆ ನಿಜವಾದ ಅಪರಾಧಿ ಬಾಬಿ ಪೂಲ್‌ನನ್ನು ಆಕೆಯ ಕಣ್ಣೆದುರಿಗೇ ತಂದು ನಿಲ್ಲಿಸಿದರು. ಇವನನ್ನು ನಾನು ಕಂಡೇ ಇಲ್ಲವೆಂದಳು. ಅಷ್ಟರಲ್ಲಿ ನೆನಪಿನೊಳಗಿನ ಮುಖವೇ ಬದಲಾಗಿ ಅಲ್ಲಿ ಕಾಟನ್ ಬಂದು ಕುಳಿತಿದ್ದ. 1995ರಲ್ಲಿ ಡಿಎನ್‌ಎ ಪರೀಕ್ಷೆ ಪೂಲ್‌ನತ್ತ ಬೆರಳು ಮಾಡಿತು. ನಿರಪರಾಧಿಯು ಹತ್ತೂವರೆ ವರ್ಷ ಸೆರೆವಾಸ ಅನುಭವಿಸಿದ್ದ. ಆ ದೇಶದಲ್ಲಿ ಡಿಎನ್‌ಎ ಪರೀಕ್ಷೆಯಿಂದ ಬಿಡುಗಡೆಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಪ್ರಕರಣಗಳಲ್ಲಿ ಇಂಥದೇ ತಪ್ಪು ಗುರುತಿಸುವಿಕೆ ಇತ್ತು.

ಸಾಕ್ಷಿಗೆ ಸಾಲನ್ನು ತೋರಿಸುವ ಅಧಿಕಾರಿಗೆ ಶಂಕಿತನು ಯಾರೆಂಬುದೇ ತಿಳಿದಿರಬಾರದು ಎಂದು ಅದೇ ರಾಜ್ಯ 2007ರಲ್ಲಿ ಕಾನೂನು ಮಾಡಿತು. ತಿಳಿದಿದ್ದರೆ ಬಾಯಿ ಬಿಡದಿದ್ದರೂ ಮುಖವೇ ಹೇಳಿಬಿಡುತ್ತದೆಯಂತೆ. ಅಂದು ಆ ಹುಡುಗ ನನ್ನ ಮುಖದಲ್ಲಿ ಓದಿದ್ದೂ ಅದನ್ನೇ. ನಾನಂತೂ ಬಾಯಿಯನ್ನೂ ಬಿಟ್ಟಿದ್ದೆ.

ಥಾಂಪ್ಸನ್ 1997ರಲ್ಲಿ ಕಾಟನ್‌ನನ್ನು ಕಂಡು ಕ್ಷಮೆ ಯಾಚಿಸಿದಳು. ಆತ ಕ್ಷಮಿಸಿದ, ಮುಂದೆ ಇಬ್ಬರೂ ಸೇರಿ ಪುಸ್ತಕವನ್ನೇ ಬರೆದರು. ನಾನಾದರೋ ಹಣ ಸಿಕ್ಕಿತೆಂದಷ್ಟೇ ತರಗತಿಗೆ ತಿಳಿಸಿ ಪಾಠ ಮುಂದುವರಿಸಿದ್ದೆ. ಆ ವರ್ಷದ ಕೊನೆಗೆ ಅವನು ಶಾಲೆ ಬಿಟ್ಟ. ಅವನ ಹೆಸರನ್ನು ಇಲ್ಲಿ ಬರೆಯಲಾರೆ. ಕೊನೆಯ ಬೆಂಚಿನಲ್ಲಿ ಅವನೊಡನೆ ಕುಳಿತಿದ್ದವರು ಇದನ್ನು ಓದಿದರೆ, ಅವನು ಈಗ ಎಲ್ಲಿದ್ದಾನೆಂದು ನನಗೆ ಒಂದು ಸಾಲು ಬರೆಯಿರಿ.