ಆಯಿಲ್ ಕೂಲರ್ ಜಾಗ ಬದಲಿಸಿದ ಕಥಿ

ಮೊನ್ನೆ ಬಾಗಲಕೋಟೆ ಸಭೆಗೆ ಬಸ್ಸಿನಲ್ಲಿ ಬಂದು ಇಳಿದಾಗ ಎಲ್ಲರೂ ಕೇಳಿದ್ರಿ, "ಅಣ್ಣಾ, ಪಲ್ಸರ್ ಎಲ್ಲಿ?" ಅಂತ. ಅಲ್ಲಿ ನಕ್ಕು ಸುಮ್ಮನಾದೆ. ಇಲ್ಲಿ ಹೇಳ್ತೀನಿ. ಯಾಕಂದ್ರೆ ತಪ್ಪು ನಂದು, ಅದರ ದಂಡ ಕಟ್ಟಿದವರು ಬೇರೆಯವರು.

ನಂದು 2010ರ ಪಲ್ಸರ್ 220. ನನ್ನ ಹತ್ರ ಬರೋವಷ್ಟರಲ್ಲಿ ಮೂರು ಕೈ ದಾಟಿತ್ತು. ಹೊಸದಿದ್ದಾಗ ಜಾಹೀರಾತಿನಲ್ಲಿ ಇದನ್ನ 'ದಿ ಫಾಸ್ಟೆಸ್ಟ್ ಇಂಡಿಯನ್' ಅಂತಿದ್ರು, ನಮ್ಮ ಕೇರಿ ಹುಡುಗರು ಇವತ್ತಿಗೂ ಅದನ್ನೇ ಹೇಳಿ ನನ್ನ ಕಾಡ್ತಾರೆ. ಚೊಳಚಗುಡ್ಡದಿಂದ ಬಾದಾಮಿ, ಅಲ್ಲಿಂದ ಬಾಗಲಕೋಟೆ, ಈ ಕಡೆ ಹೊಳೆ ದಾಟಿದ್ರೆ ರೋಣದ ಹಳ್ಳಿಗಳು. ದೂರಿನ ನಕಲು, ಕರಪತ್ರ, ಒಮ್ಮೊಮ್ಮೆ ಪೆಟ್ಟು ತಿಂದ ಮನುಷ್ಯನನ್ನೇ ಹೊತ್ತು ತಿರುಗಿದ ಗಾಡಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ದಂಡೆಯ ಊರುಗಳಿಗೆ ನೀರು ಹೊಕ್ಕಾಗ ರೇಷನ್ ಚೀಲ ಎಳೆದದ್ದೂ ಇದೇ.

ನಮ್ಮವರಿಗೆ ಬೈಕು ಅಂದ್ರೆ ಬರೀ ಬೈಕಲ್ಲ, ನಿಮಗೆ ಗೊತ್ತು. 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ಬುಲೆಟ್ ಓಡಿಸ್ತಿದ್ದ ದಲಿತ ವಿದ್ಯಾರ್ಥಿಯ ಕೈಗಳಿಗೇ ಮಚ್ಚು ಬೀಸಿದ್ರು. ನೀನು ಈ ಗಾಡಿ ಹತ್ತಬಹುದೇನೋ ಅಂತ ಕೇಳಿ ಹೊಡೆದರು ಅಂತ ಮನೆಯವರು ದೂರಿದ್ರು. ಅಂಥ ಕಾಲದಲ್ಲಿ ಗಾಡಿಯನ್ನ ನೆಟ್ಟಗೆ ಇಟ್ಟುಕೊಳ್ಳೋದೂ ಒಂದು ಕೆಲಸ. ಆ ಕೆಲಸದಲ್ಲೇ ನಾನು ಜಿಪುಣತನ ಮಾಡಿದೆ.

ಇದು ಗಾಳಿಯಿಂದ ತಂಪಾಗೋ ಇಂಜಿನ್. ಜೊತೆಗೆ ಮುಂದೆ ಒಂದು ಸಣ್ಣ ಆಯಿಲ್ ಕೂಲರ್ ಇರತೈತಿ. ಇಂಜಿನ್ನಿನ ಬಿಸಿ ಆಯಿಲ್ ಒಂದು ಪೈಪಿನಿಂದ ಅದರೊಳಗೆ ಹೋಗಿ, ಗಾಳಿಗೆ ಆರಿ, ಇನ್ನೊಂದು ಪೈಪಿನಿಂದ ವಾಪಸ್ ಬರಬೇಕು. ಗಾಡಿ ಓಡಿದ್ರೆ ಮಾತ್ರ ಅದಕ್ಕೆ ಗಾಳಿ. ಏಪ್ರಿಲ್ 14ರ ಮೆರವಣಿಗೆಯಲ್ಲಿ ಹೆಜ್ಜೆ ಹೆಜ್ಜೆಗೆ ನಿಂತು ಸಾಗುವಾಗ ಅದರಿಂದ ದೊಡ್ಡ ಉಪಯೋಗ ಇಲ್ಲ, ತೊಡೆ ಸುಡೋದು ಸುಡ್ತದೆ. ಆದ್ರೆ ದೂರದ ದಾರಿಯಲ್ಲಿ, ನಮ್ಮ ಬಿಸಿಲಲ್ಲಿ, ಹಿಂದೆ ಒಬ್ಬರನ್ನ ಕೂಡಿಸಿಕೊಂಡು ಜೋರು ಹೊಡೆಯುವಾಗ ಅದು ಬೇಕೇ ಬೇಕು.

ಎರೆಮಣ್ಣಿನ ದಾರಿಯಲ್ಲಿ ಓಡಾಡಿ ಅದರ ತೆಳು ರೆಕ್ಕೆಗಳೊಳಗೆ ಕೆಸರು ಕೂತು ಗಟ್ಟಿಯಾಗಿತ್ತು. ಒಂದಿನ ಕಲ್ಲು ಸಿಡಿದು ಬಡಿದು ರೆಕ್ಕೆ ಮಡಚಿದವು. ಪುಣ್ಯಕ್ಕೆ ತೂತು ಬೀಳಲಿಲ್ಲ. ಗ್ಯಾರೇಜಿನವ ಅಂದ, "ಕಿತ್ತು ಒಗೀರಿ ಸರ, ನಿಮಗ ಯಾಕ ಬೇಕು?" ನಾನು ಬೇಡ ಅಂದೆ. "ಹಂಗಾರ ಪಕ್ಕಕ್ಕ, ಮ್ಯಾಲ ಕಟ್ಟೂಣು. ಕಲ್ಲು ಬಡಿಯಂಗಿಲ್ಲ." ಅದು ನನಗೂ ಚಲೋ ಅನಿಸ್ತು. ಮೇಲೆ ಹೋದ್ಮೇಲೆ ಹಳೇ ಪೈಪು ಮುಟ್ಟಲಿಲ್ಲ. ಸರಿಯಾದ ಆಯಿಲ್ ಪೈಪು ಹುಬ್ಬಳ್ಳಿಯಿಂದ ತರಿಸಬೇಕು, ನಾಲ್ಕು ದಿನ ಆಗತೈತಿ, ರೊಕ್ಕಾನೂ ಜಾಸ್ತಿ. "ಪೆಟ್ರೋಲ್ ಪೈಪ್ ಐತೇನು? ಅದನ್ನೇ ಹಾಕು" ಅಂದವನು ನಾನೇ. ಅವ ಒಮ್ಮೆ ನನ್ನ ಮುಖ ನೋಡಿದ. ಹಾಕಿದ.

ಪೆಟ್ರೋಲ್ ಪೈಪು ಕುದಿಯೋ ಆಯಿಲ್ ತಡೆಯೋಕೆ ಮಾಡಿದ್ದಲ್ಲ. ಬಿಸಿಗೆ ಬಿರುಸಾಗಿ ಸೀಳತೈತಿ. ಸಾಲದ್ದಕ್ಕೆ ಅದು ಚಾಸಿಗೆ ಒರೆಸಿಕೊಂಡು ಹೋಗಿತ್ತು. ಎರಡು ವಾರ ಏನೂ ಆಗಲಿಲ್ಲ. ನಾನು ಮಂದಿ ಮುಂದೆ ನನ್ನ ಶ್ಯಾಣ್ಯಾತನ ಹೇಳಿಕೊಂಡು ತಿರುಗಿದೆ.

ಆ ರಾತ್ರಿ ಒಂಬತ್ತಕ್ಕೆ ಹೊಳೆಯಾಚೆಯ ಊರಿಂದ ಫೋನು. ಊರ ಹೆಸರು ಬರೆಯಲ್ಲ. ನಮ್ಮ ಹುಡುಗ ಮೇಲೋಣಿಯಲ್ಲಿ ಗಾಡಿಯಿಂದ ಇಳಿಯದೆ ಹೋದ ಅಂತ ಹಿಡಿದು ಬಡಿದಿದ್ರು. ಅವನಪ್ಪ, "ಸ್ಟೇಷನ್ನಿಗೆ ಹೋಗಾಕ ಅಂಜಿಕಿ ಆಗತೈತಿ, ನೀವು ಬರ್ರಿ ಅಣ್ಣಾರ" ಅಂದ. "ಬಂದೆ, ಯಾರ ಮಾತೂ ಕೇಳಬ್ಯಾಡ್ರಿ" ಅಂದು ಹೊರಟೆ. ಮಲಪ್ರಭೆ ಸೇತುವೆ ದಾಟಿ ಸ್ವಲ್ಪ ದೂರ ಹೋಗಿರಬೇಕು, ಬಲಗಾಲಿಗೆ ಬಿಸಿ ತಾಗಿತು. ಮಳೆನೀರು ಅಂದ್ಕೊಂಡೆ, ಮಳೆ ಇರಲಿಲ್ಲ. ಅಷ್ಟರಲ್ಲಿ ಇಂಜಿನ್ ಕಿರ್ರ್ ಅಂತ ಹಿಡಕೊಂಡು ನಿಂತಿತು. ಆಯಿಲ್ ಎಲ್ಲಾ ರಸ್ತೆ ಪಾಲು. ಹಿಂದಿನ ಗಾಲಿಗೂ ಬಳಿದಿತ್ತು, ತಿರುವಿನಲ್ಲಾಗಿದ್ರೆ ಇದನ್ನ ಬರೆಯೋಕೆ ನಾನಿರ್ತಿರಲಿಲ್ಲ.

ಗಾಡಿ ತಳ್ಳಿಕೊಂಡು ವಾಪಸ್ ಬಂದೆ. ಗೆಳೆಯರಿಗೆ ಫೋನ್ ಹಚ್ಚಿದೆ, ಹತ್ತಿರದಲ್ಲಿ ಯಾರೂ ಇರಲಿಲ್ಲ. ನಾನು ಆ ಊರು ಮುಟ್ಟಿದ್ದು ಬೆಳಿಗ್ಗೆ ಮೊದಲ ಬಸ್ಸಿಗೆ. ಅಷ್ಟರಲ್ಲಿ ಹಿರಿಯರು ಅನ್ನಿಸಿಕೊಂಡವರು ಬಂದು, ಕಟ್ಟೆಗೆ ಕರೆದು, ರಾಜಿ ಅಂತ ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ರು. ಹುಡುಗ ಮೂಲೆಯಲ್ಲಿ ಕೂತಿದ್ದ. "ನೀವು ಬರ್ತೀನಿ ಅಂದಿದ್ರಿ" ಅಂದ, ಅಷ್ಟೇ.

ಮೂರು ದಿನ ಹಿಡೀತು ಅವರನ್ನ ಒಪ್ಪಿಸೋಕೆ. ದೌರ್ಜನ್ಯ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಿದ 18ಎ ಕಲಮಿನ ಪ್ರಕಾರ ಎಫ್‌ಐಆರ್ ಹಾಕೋಕೆ ಮೊದಲೇ ವಿಚಾರಣೆ ಬೇಕಿಲ್ಲ. ಅದನ್ನ ತೋರಿಸಿದ ಮೇಲೆ ದೂರು ದಾಖಲಾಯ್ತು. ಆದ್ರೆ ಆ ಮೂರು ದಿನ ಕಾಗದದ ಮೇಲೆ ಕೂತವೆ. ಆಚೆ ಕಡೆಯ ವಕೀಲ ಮೊದಲು ಕೇಳೋ ಪ್ರಶ್ನೆ ಅದೇ: ಯಾಕೆ ತಡ? ನನ್ನ ಪೆಟ್ರೋಲ್ ಪೈಪಿನ ಕಥೆ ಅಲ್ಲಿ ನಡೆಯಂಗಿಲ್ಲ.

ಗಾಡಿಯನ್ನ ಈಗ ನಮ್ಮ ಕೇರಿಯ ಹುಡುಗನೇ ಬಿಚ್ಚಿದಾನೆ. ಗೋವಾದ ಗ್ಯಾರೇಜಿನಲ್ಲಿ ಕೆಲಸ ಕಲಿತು ಬಂದವ. ಸಿಲಿಂಡರ್ ಬೋರ್ ಆಯ್ತು, ಪಿಸ್ಟನ್ ಹೊಸದು. ಕೂಲರನ್ನ ಮೊದಲಿದ್ದ ಜಾಗಕ್ಕೇ ತಂದ. "ಕಾಕಾ, ಅಲ್ಲಿ ಪಕ್ಕದಾಗ ಇದಕ್ಕ ಗಾಳೀನ ಸಿಗ್ತಿದ್ದಿಲ್ಲ. ಕಲ್ಲಿನ ಅಂಜಿಕಿ ಇದ್ರ ಮುಂದ ಜಾಳಗಿ ಹಾಕಬೇಕು, ಜಾಗ ಯಾಕ ಬಿಡಿಸಬೇಕು?" ಅಂದ. ಕಬ್ಬಿಣದ ಜಾಳಗಿ ಕತ್ತರಿಸಿ ಮುಂದೆ ಕಟ್ಟಿದ. ಹಲ್ಲುಜ್ಜೋ ಬ್ರಷ್ ಹಿಡಿದು ಕೆಸರು ತೆಗೆದ, ಮಡಚಿದ ರೆಕ್ಕೆಗಳನ್ನ ಒಂದೊಂದೇ ನೆಟ್ಟಗೆ ಮಾಡಿದ. ಆಯಿಲಿನದೇ ಪೈಪು, ಸೈಲೆನ್ಸರಿಗೆ ತಾಗದ ಹಾಗೆ, ಹ್ಯಾಂಡಲ್ ಪೂರ್ತಿ ತಿರುಗಿಸಿದ್ರೂ ಜಗ್ಗದ ಹಾಗೆ. ಜೋಡಣೆಗೆ ತಾಮ್ರದ ಹೊಸ ವಾಷರು. ಇಂಜಿನ್ ಚಾಲೂ ಮಾಡಿ, ಒಂದು ನಿಮಿಷಕ್ಕೆ ಬಂದ್ ಮಾಡಿ, ಕೂಲರ್ ಮತ್ತು ಪೈಪಿಗೆ ಹೋದಷ್ಟು ಆಯಿಲ್ ಮತ್ತೆ ತುಂಬಿದ. ಹೊಸ ಪೈಪಿನ ದುಡ್ಡು ಕೊಟ್ಟೆ. ನಾನು ಉಳಿಸೋಕೆ ಹೋದದ್ದು ಇಷ್ಟೇನಾ ಅನಿಸ್ತು.

ಬೋರ್ ಆದ ಗಾಡಿ, ಇನ್ನೂ ಕೆಲವು ದಿನ ಜೋರು ಓಡಿಸಬ್ಯಾಡ್ರಿ ಅಂದಾನೆ. ಮುಂದಿನ ತಾರೀಕಿಗೆ ಆ ಹುಡುಗನ ಅಪ್ಪನ್ನ ಹಿಂದೆ ಕೂಡಿಸಿಕೊಂಡು ಗದಗ ಕೋರ್ಟಿಗೆ ಹೋಗಬೇಕು. ಒಂದು ತಾಸು ಮೊದಲೇ ಬಿಡ್ತೀವಿ.

ಜೈಭೀಮ್.